ಯಾರು ಯಾರನ್ನು ಕುಕ್ಕಬಹುದು?

ಸಂತೆಯಿಂದ ತಂದ ಹೊಸ ಹೇಂಟೆಯನ್ನು ನಮ್ಮಜ್ಜಿ ಹಗಲು ಹೊತ್ತು ಅಂಗಳಕ್ಕೆ ಬಿಡುತ್ತಿರಲಿಲ್ಲ. ಮಕ್ಕರಿ ಕವುಚಿ ಇಟ್ಟಿದ್ದು, ಕತ್ತಲಾದ ಮೇಲೆ ಉಳಿದ ಕೋಳಿಗಳ ಗೂಡಿಗೆ ಸೇರಿಸುತ್ತಿದ್ದರು. ಬೆಳಕಿನಲ್ಲಿ ಬಿಟ್ಟರೆ ಹಳೆಯವೆಲ್ಲ ಸೇರಿ ಕುಕ್ಕಿ ಹಾಕುತ್ತವೆ ಅಂತ. ಬೆಳಗಾದ ಮೇಲೂ ಒಂದಷ್ಟು ಜಗಳ ಇದ್ದದ್ದೇ. ಕೆಲವು ದಿನ ಕಳೆದರೆ ಗಲಾಟೆ ತಾನಾಗಿ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಅಲ್ಲಿ ಒಂದು ಲೆಕ್ಕ ತೀರ್ಮಾನವಾಗಿರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ 'ಪೆಕಿಂಗ್ ಆರ್ಡರ್' ಎನ್ನುತ್ತಾರೆ, ಅಂದರೆ ಕುಕ್ಕುವ ಕ್ರಮ. ಆಫೀಸಿನಲ್ಲಿ, ರಾಜಕೀಯ ಪಕ್ಷದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಹೇಳಲು ನಾವು ಈಗ ಬಳಸುವುದು ಇದೇ ಮಾತನ್ನು. ಆದರೆ ಇದು ಹುಟ್ಟಿದ್ದು ನಿಜವಾದ ಕೋಳಿಗಳ ನಡುವೆ.

ನಾರ್ವೆಯ ಥಾರ್ಲೈಫ್ ಶೆಲ್ಡೆರುಪ್-ಎಬ್ಬೆ ಅವರಿಗೆ ಹುಡುಗನಾಗಿದ್ದಾಗಲೇ ಕೋಳಿಗಳ ಹುಚ್ಚು. ಒಂದೊಂದು ಕೋಳಿಯನ್ನೂ ಗುರುತಿಟ್ಟುಕೊಂಡು, ಯಾವುದು ಯಾವುದನ್ನು ಕುಕ್ಕಿತು ಎಂದು ವರ್ಷಗಟ್ಟಲೆ ಬರೆದಿಟ್ಟರು. 1920ರ ದಶಕದ ಆರಂಭದಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಅಲ್ಲಿಂದಲೇ ಈ ಮಾತು ಇಂಗ್ಲಿಷಿಗೆ ಬಂತು.

ಅವರು ಕಂಡದ್ದು ಸರಳ. ಎರಡು ಹೇಂಟೆಗಳು ಮೊದಲ ಸಲ ಎದುರಾದಾಗ ಕಾದಾಡುತ್ತವೆ, ಇಲ್ಲವೇ ಒಂದು ಹೆದರಿ ಸರಿಯುತ್ತದೆ. ಆಮೇಲೆ ಗೆದ್ದದ್ದು ಕುಕ್ಕುತ್ತದೆ, ಸೋತದ್ದು ಜಾಗ ಬಿಡುತ್ತದೆ. ಕಾಳಿನ ಹತ್ತಿರ ಪ್ರತಿ ಸಲ ರಕ್ತ ಸುರಿಸಬೇಕಾಗಿಲ್ಲ, ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು. ಅಂದರೆ ಈ ಕ್ರಮದಿಂದ ಜಗಳ ಕಡಿಮೆಯಾಗುತ್ತದೆ. ನಾವು ಈ ಮಾತನ್ನು ಬಳಸುವಾಗ ದಬ್ಬಾಳಿಕೆಯೊಂದೇ ನೆನಪಾಗುತ್ತದೆ ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಅವರು ಕಂಡ ಇನ್ನೊಂದು ಸಂಗತಿ. ಕೆಲವೊಮ್ಮೆ ಕಪ್ಪು ಹೇಂಟೆ ಕೆಂಪನ್ನು ಕುಕ್ಕುತ್ತದೆ, ಕೆಂಪು ಬಿಳಿಯನ್ನು ಕುಕ್ಕುತ್ತದೆ, ಬಿಳಿ ಹೋಗಿ ಕಪ್ಪನ್ನೇ ಕುಕ್ಕುತ್ತದೆ! ಕನ್ನಡದಲ್ಲಿ ಸ್ಥಾನಮಾನಕ್ಕೆ 'ಅಂತಸ್ತು' ಎನ್ನುತ್ತೇವೆ. ಮನೆಯ ಮಹಡಿಗೂ ಅದೇ ಪದ. ಮಹಡಿಗಳಲ್ಲಿ ಹೀಗೆ ಸುತ್ತು ಬರಲು ಸಾಧ್ಯವೇ? ಮೂರನೇ ಅಂತಸ್ತು ಎಂದಾದರೂ ಮೊದಲನೆಯದರ ಕೆಳಗೆ ಇದ್ದೀತೇ? ಕೋಳಿಗಳಲ್ಲಿ ಇರಬಹುದು. ಯಾಕೆಂದರೆ ಅಲ್ಲಿ ಲೆಕ್ಕ ಇರುವುದು ಇಬ್ಬಿಬ್ಬರ ನಡುವೆ.

ಆ ಲೆಕ್ಕ ನಡೆಯಬೇಕಾದರೆ ಪರಸ್ಪರ ಗುರುತು ಬೇಕು. ಕೋಳಿಗಳು ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ ಗುರುತು ಹಿಡಿಯುತ್ತವೆ. ಜುಟ್ಟಿನ ರೂಪ ಬದಲಾಯಿಸಿದರೆ ಹಳೆಯ ಜೊತೆಗಾರರೇ ಅದನ್ನು ಹೊಸಬಳಂತೆ ಕಂಡು ಮೇಲೆ ಬೀಳಬಹುದು. ಸಾವಿರಾರು ಕೋಳಿಗಳಿರುವ ಫಾರಂನಲ್ಲಿ ಎಲ್ಲರ ಗುರುತು ಇಟ್ಟುಕೊಳ್ಳುವುದಾದರೂ ಹೇಗೆ? ಅಂಥ ಕಡೆ ಅಂಗಳದ ಈ ಕ್ರಮ ಸಡಿಲವಾಗುತ್ತದೆ.

ಹಾಗಿದ್ದರೂ 'ಅವನು ಹುಟ್ಟಿದ್ದೇ ಮೇಲಿರಲು, ಪ್ರಾಣಿಗಳಲ್ಲೂ ಹಾಗೇ' ಎನ್ನುವವರು ಸಿಗುತ್ತಾರೆ. ಅವರಿಗೆ ನಾನು ಅಮೆರಿಕದ ಇವಾನ್ ಚೇಸ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳುತ್ತೇನೆ. ಅವರು ಸಿಕ್ಲಿಡ್ ಮೀನುಗಳನ್ನು ನಾಲ್ಕು ನಾಲ್ಕರಂತೆ ಒಟ್ಟಿಗೆ ಬಿಟ್ಟರು. ಮೇಲು ಕೀಳಿನ ಸಾಲು ಮೂಡಿತು. ನಂತರ ಎರಡು ವಾರ ಬೇರೆ ಬೇರೆ ಇಟ್ಟು, ಅವೇ ನಾಲ್ಕನ್ನು ಮತ್ತೆ ಸೇರಿಸಿದರು. ಸ್ಥಾನ ಹುಟ್ಟುಗುಣವೇ ಆಗಿದ್ದರೆ ಹಳೆಯ ಸಾಲೇ ಮರಳಿ ಬರಬೇಕಿತ್ತು. ಎರಡನೇ ಸಲವೂ ಹೆಚ್ಚಿನ ಗುಂಪುಗಳಲ್ಲಿ ಸಾಲು ಸುತ್ತು ಬರದೆ ನೇರವಾಗಿಯೇ ಮೂಡಿತು. ಆದರೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಗುಂಪುಗಳಲ್ಲಿ ಮೀನುಗಳ ಜಾಗ ಅದಲುಬದಲಾಗಿತ್ತು.