ಹಿತ್ತಲಲ್ಲಿ ಜೇಕು ನೆಟ್ಟರೆ ಎಲ್ಲ ಕಡೆ ಹಬ್ಬುತ್ತಾ?

ಪ್ರಶ್ನೆ: ಹಿತ್ತಲಿನ ನಲ್ಲಿಯ ಕೆಳಗೆ ಸದಾ ಒದ್ದೆ. ಅಲ್ಲಿ ನಮ್ಮ ಕಡೆಯದೇ ಜೇಕು (ಒದ್ದೆ ನೆಲದಲ್ಲಿ ಬೆಳೆಯುವ ಹುಲ್ಲಿನಂಥ ಗಿಡ) ಬೆಳೆಸುವ ಆಸೆ. ಕೊನ್ನಾರಿ ಕಳೆಯ ತರಹ ಹಿತ್ತಲನ್ನೇ ನುಂಗಿಬಿಡುತ್ತಾ?

ನೆಲಕ್ಕೆ ನೆಟ್ಟರೆ ಹಬ್ಬುತ್ತದೆ. ತೂತಿಲ್ಲದ ತೊಟ್ಟಿಗೆ ಹಾಕಿ ನಲ್ಲಿಯ ಕೆಳಗಿಡಿ, ತಲೆನೋವಿಲ್ಲ.

ಗದ್ದೆಯಲ್ಲಿ ಜೇಕು ಕಿತ್ತು ಸೊಂಟ ನೋಯಿಸಿಕೊಂಡವರು ಇದನ್ನು ಕೇಳಿ ನಗಬಹುದು. ಆದರೆ ಜೇಕಿನಲ್ಲಿ ಜಾತಿ ಹಲವು. ಮನೆಗೆ ಚೆನ್ನಾಗಿ ಒಪ್ಪುವುದು ಚಾಪೆ ಹೆಣೆಯುವ ಜಾತಿ. ತಮಿಳುನಾಡಿನ ಪತ್ತಮಡೈ ಚಾಪೆ ಆಗುವುದು ಇದರಿಂದಲೇ. ಆಳೆತ್ತರಕ್ಕೆ ಹತ್ತಿರ ಬೆಳೆಯುವ ಹಸಿರು ಕಡ್ಡಿಗಳು, ಬುಡದಲ್ಲಿ ಎಲೆ ಇಲ್ಲವೆನ್ನುವಷ್ಟು ಕಡಿಮೆ, ತುದಿಯಲ್ಲಿ ಕಂದು ಹೂಗೊಂಚಲು. ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಮೂರು ಮೂಲೆ ಕೈಗೆ ತಗಲುತ್ತವೆ. ಹುಲ್ಲಿನ ಹಾಗೆ ಗಿಣ್ಣು ಇರುವುದಿಲ್ಲ. ನರ್ಸರಿಯಲ್ಲಿ ಸಿಗುವ ಕೊಡೆಯಾಕಾರದ ಗಿಡವೂ ಜೇಕಿನ ನೆಂಟನೇ, ಆದರೆ ಅದರ ಮೂಲ ಆಫ್ರಿಕಾ ಕಡೆ.

ಕಾಲುವೆ ಬದಿಯ ಪರಿಚಿತರ ಜಮೀನಿನಿಂದ ಬೇರು ಸಮೇತ ಒಂದು ಹಿಡಿ ತಂದರೆ ಸಾಕು. ತಂದ ತಕ್ಷಣ ಮಣ್ಣು ಪೂರ್ತಿ ತೊಳೆಯಿರಿ. ಆ ಮಣ್ಣಿನಲ್ಲೇ ಕೊನ್ನಾರಿ ಗಡ್ಡೆ ಕೂತು ಬರುವುದು ಜಾಸ್ತಿ. ಕಪ್ಪಗೆ, ಸಣ್ಣಗೆ, ದಾರದಂಥ ಬೇರಿಗೆ ಪೋಣಿಸಿದಂತೆ ಇರುತ್ತದೆ. ಜಜ್ಜಿದರೆ ಘಮ್ಮೆನ್ನುತ್ತದೆ. ಸಿಕ್ಕಿದ್ದನ್ನೆಲ್ಲ ಆರಿಸಿ ಬಿಸಾಡಿ. ಒಂದು ಉಳಿದರೂ ಅದೇ ಒಂದು ಸಂಸಾರ ಹೂಡುತ್ತದೆ.

ಕೆರೆ ಗೋಡು ಇಲ್ಲವೇ ಜಿಗುಟು ಮಣ್ಣು ಒಳ್ಳೆಯದು. ಕೋಕೋಪೀಟ್ ಬೇಡ, ಸುಮ್ನೆ ತೇಲುತ್ತದೆ. ಮಣ್ಣನ್ನು ಅಂಚಿನ ಹತ್ತಿರದವರೆಗೆ ತುಂಬಿ, ಕೆಸರಾಗಿಡಿ. ಮೇಲೆ ನೀರು ನಿಲ್ಲದಿದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವೇ ಇರುವುದಿಲ್ಲ, ಅಲ್ವಾ? ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಾಕಬಹುದು. ಬಿಸಿಲು ಮಾತ್ರ ಚೆನ್ನಾಗಿ ಬೇಕು. ನೆರಳಿನಲ್ಲಿ ಕಡ್ಡಿ ಸೊರಗಿ ಬಾಗುತ್ತದೆ.

ಬೇಸಿಗೆಯಲ್ಲಿ ಒಂದೆರಡು ದಿನ ನೀರು ತಪ್ಪಿ ಕಡ್ಡಿ ಒಣಗಿದರೆ ಗಾಬರಿ ಬೇಡ. ಬುಡಕ್ಕೆ ಕತ್ತರಿಸಿ ನೀರು ಹಾಕಿ, ಬೇರುಗಡ್ಡೆಯಿಂದ ಮತ್ತೆ ಚಿಗುರುತ್ತದೆ.

ತೊಟ್ಟಿ ತುಂಬಿ ಬುಡ ಇಕ್ಕಟ್ಟಾದಾಗ, ಮುಂಗಾರು ಶುರುವಾಗುವ ಹೊತ್ತಿಗೆ ಹಳೆ ಚಾಕುವಿನಿಂದ ಬುಡ ಸೀಳಿ ಅರ್ಧ ತೆಗೆಯಿರಿ. ತೆಗೆದದ್ದನ್ನು ಮೋರಿಗೋ ರಾಜಕಾಲುವೆಗೋ ಎಸೆಯಬೇಡಿ, ಅಲ್ಲೇ ಬೇರು ಬಿಡುತ್ತದೆ. ತಾರಸಿಯ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.