ಓಲ್ಡಮ್ ಆಸ್ಪತ್ರೆಯ ಹೆಸರು ಜಗತ್ತಿಗೆ ತಿಳಿದದ್ದು

ಮ್ಯಾಂಚೆಸ್ಟರ್ ಪಕ್ಕದ ಓಲ್ಡಮ್ ಹತ್ತಿ ಗಿರಣಿಗಳಿಂದ ಬೆಳೆದ ಊರು. ಅಲ್ಲಿನ ಜನರಲ್ ಆಸ್ಪತ್ರೆಯ ಮೂಲ 19ನೇ ಶತಮಾನದ ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ದುಡಿಸಿಕೊಂಡು ಅನ್ನ ಹಾಕುತ್ತಿದ್ದ ಜಾಗ. ಪ್ರಪಂಚದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರ ರಾತ್ರಿ ಹುಟ್ಟಿದ್ದು ಈ ಆಸ್ಪತ್ರೆಯಲ್ಲಿ.

ಲಂಡನ್ನಿನಲ್ಲಿ ಹುದ್ದೆ ಸಿಗದ ಪ್ಯಾಟ್ರಿಕ್ ಸ್ಟೆಪ್ಟೋ 1951ರಲ್ಲಿ ಸ್ತ್ರೀರೋಗ ತಜ್ಞರಾಗಿ ಓಲ್ಡಮ್‌ಗೆ ಬಂದರು. ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಹೊಟ್ಟೆಗೆ ಅನಿಲ ತುಂಬಿ, ಬೆಳಕಿನ ಕೊಳವೆಯಲ್ಲಿ ಒಳಗನ್ನು ನೋಡುವ ಲ್ಯಾಪರೊಸ್ಕೋಪಿಯಲ್ಲಿ ಅವರ ಕೈ ಪಳಗಿತ್ತು. ಪ್ರಯೋಗಾಲಯದಲ್ಲಿ ಫಲೀಕರಣಕ್ಕೆ ಯತ್ನಿಸುತ್ತಿದ್ದ ಕೇಂಬ್ರಿಡ್ಜ್‌ನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್‌ಗೆ, ಹೊಟ್ಟೆ ಕೊಯ್ಯದೆ ಅಂಡಾಣು ತೆಗೆಯುವ ಇಂಥ ಕೈಯೇ ಬೇಕಿತ್ತು. 1971ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ಕೊಡಲು ಒಪ್ಪಲಿಲ್ಲ. ಕೆಲಸ ನಿಲ್ಲಲಿಲ್ಲ, ಊರಿನ ಹತ್ತಿರದ ಕರ್ಶಾಸ್ ಎಂಬ ಪುಟ್ಟ ಆಸ್ಪತ್ರೆಯಲ್ಲಿ ನಡೆಯಿತು.

ಆರಂಭದಲ್ಲಿ ಹಾರ್ಮೋನ್ ಕೊಟ್ಟು ಒಮ್ಮೆಗೇ ಹಲವು ಅಂಡಾಣು ಪಡೆಯುತ್ತಿದ್ದರು. ಭ್ರೂಣ ಬೆಳೆದರೂ ಗರ್ಭ ನಿಲ್ಲುತ್ತಿರಲಿಲ್ಲ. ಔಷಧದಿಂದಲೇ ಗರ್ಭಕೋಶ ಸಿದ್ಧವಾಗುತ್ತಿಲ್ಲವೇನೋ ಎಂದು ಶಂಕಿಸಿ, ಸಹಜ ಋತುಚಕ್ರದ ಒಂದೇ ಅಂಡಾಣುವನ್ನು ನೆಚ್ಚಿದರು. ಅದು ಬಿಡುಗಡೆಯಾಗುವ ಸ್ವಲ್ಪ ಮೊದಲೇ ತೆಗೆಯಬೇಕು. ಅಂಡಾಣು ಬಿಡುಗಡೆಯನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನ್ ಮೂತ್ರದಲ್ಲಿ ಏರುವುದೇ ಸೂಚನೆ. ಹೀಗಾಗಿ ಗಂಟೆಗಳ ಅಂತರದಲ್ಲಿ ಹಗಲೂ ರಾತ್ರಿ ಮೂತ್ರ ಪರೀಕ್ಷೆ. ಏರಿಕೆ ಕಂಡರೆ ಹೊತ್ತಿಲ್ಲದ ಹೊತ್ತಿನಲ್ಲೂ ಶಸ್ತ್ರಚಿಕಿತ್ಸೆ! ಅಂಡನಾಳ ಮುಚ್ಚಿಹೋಗಿದ್ದ ಬ್ರಿಸ್ಟಲ್‌ನ ಲೆಸ್ಲಿ ಬ್ರೌನ್ ಅವರ ಅಂಡಾಣು ಸಿಕ್ಕಿದ್ದು ಹೀಗೆ, 1977ರ ನವೆಂಬರಿನಲ್ಲಿ. ಎಂಟು ಕೋಶಗಳಾದಾಗ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದರು.

1969ರಿಂದ 1978ರವರೆಗೆ ಈ ಪ್ರಯತ್ನಕ್ಕೆ ಒಡ್ಡಿಕೊಂಡ ಮಹಿಳೆಯರು 282. ಜೀವಂತವಾಗಿ ಹುಟ್ಟಿದ ಮಕ್ಕಳು ಎರಡೇ. ಬರಿಗೈಯಲ್ಲಿ ಮನೆಗೆ ಮರಳಿದ ಆ ಮಹಿಳೆಯರನ್ನು ಈ ಕಥೆಯ ಅಂಚಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಬ್ಬರ ಹೆಸರನ್ನಂತೂ ಸ್ಮಾರಕ ಫಲಕದಿಂದಲೇ ಬಿಟ್ಟುಬಿಟ್ಟರು. ನರ್ಸ್ ತರಬೇತಿ ಪಡೆದಿದ್ದ ಜೀನ್ ಪರ್ಡಿ ಪ್ರಯೋಗಾಲಯ ನೋಡಿಕೊಂಡವರು. ಲೂಯಿಸ್ ಆಗಲಿದ್ದ ಕೋಶಗಳು ವಿಭಜನೆಯಾದದ್ದನ್ನು ಮೊದಲು ಕಂಡದ್ದೂ ಅವರೇ. ಓಲ್ಡಮ್‌ನಲ್ಲಿ ಸ್ಮಾರಕ ಫಲಕ ಹಾಕುವಾಗ, ಪರ್ಡಿ ಪಾಲು ನನ್ನದರಷ್ಟೇ ಇದೆ ಎಂದು ಎಡ್ವರ್ಡ್ಸ್ ಅಧಿಕಾರಿಗಳಿಗೆ ಬರೆದರೂ ಅವರ ಹೆಸರು ಕೆತ್ತಲಿಲ್ಲ. ಪರ್ಡಿ 1985ರಲ್ಲಿ ತೀರಿಕೊಂಡರು. 2010ರಲ್ಲಿ ನೊಬೆಲ್ ಎಡ್ವರ್ಡ್ಸ್ ಒಬ್ಬರಿಗೇ ಬಂತು. ಪರ್ಡಿ ಹೆಸರಿರುವ ಹೊಸ ಫಲಕ ಓಲ್ಡಮ್ ಆಸ್ಪತ್ರೆಯಲ್ಲಿ ಅನಾವರಣಗೊಂಡಿದ್ದು 2022ರಲ್ಲಿ.