ಕಿಟಕಿ ಪಕ್ಕ ಚೆನ್ನಾಗಿದ್ದ ಟೊಮ್ಯಾಟೊ ಸಸಿ ಬಿಸಿಲಿಗೆ ಇಟ್ಟ ತಕ್ಷಣ ಯಾಕೆ ಬಿಳಿಚಿಕೊಳ್ಳುತ್ತೆ?

ಪುಣೆಯ ಕೋಥ್ರೂಡ್‌ನಿಂದ ಒಬ್ಬರು ಕೇಳಿದ್ದಾರೆ: "ಗಾಜಿನ ಕಿಟಕಿ ಪಕ್ಕ ಒಂದು ತಿಂಗಳು ಸಾಕಿದ ಸಸಿಗಳನ್ನ ಮೇ ತಿಂಗಳಲ್ಲಿ ಗಚ್ಚಿ ಮೇಲೆ ಇಟ್ಟೆ. ಮೂರೇ ದಿನಕ್ಕೆ ಎಲೆಯಲ್ಲಿ ಕಾಗದದಂಥ ಬಿಳಿ ಕಲೆ. ನೀರು ತಪ್ಪಿಸಿಲ್ಲ. ಇದು ರೋಗನಾ?"

ರೋಗ ಇರಲಿಕ್ಕಿಲ್ಲ. ಒಂದು ಎಲೆ ಇನ್ನೊಂದರ ಮೇಲೆ ಬಿದ್ದಿದ್ದ ಜಾಗ ನೋಡಿ. ಮೇಲಿನ ಎಲೆಯ ನೆರಳು ಬಿದ್ದಷ್ಟು ಭಾಗ ಹಸಿರಾಗೇ ಉಳಿದು, ಸುತ್ತ ಮಾತ್ರ ಬಿಳಿಚಿದ್ದರೆ ಅದು ಬಿಸಿಲಿನ ಕೆಲಸ. ನಾನೂ ಒಂದು ಸಲ ಬದನೆ ಸಸಿಗಳನ್ನ ಹೀಗೇ ಸುಟ್ಟುಕೊಂಡು, ಸುಮ್ನೆ ಬೇವಿನೆಣ್ಣೆ ಹೊಡೆದು ಕೂತಿದ್ದೆ.

ಎಡವಟ್ಟು ಆಗಿದ್ದು ಗಾಜಿನಿಂದ. ಕಿಟಕಿ ಗಾಜು ಬೆಳಕನ್ನ ಒಳಗೆ ಬಿಡುತ್ತೆ, ಆದರೆ ಅತಿನೇರಳೆ ಕಿರಣಗಳಲ್ಲಿ ಯುವಿ-ಬಿ ಅನ್ನೋದನ್ನ, ಅಂದರೆ 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ್ದನ್ನ, ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತೆ. ಹಾಗಾಗಿ ಹೊರಗೆ ಇಂಥದ್ದೊಂದಿದೆ ಅಂತ ನಿಮ್ಮ ಸಸಿಗೆ ಗೊತ್ತೇ ಇರಲಿಲ್ಲ.

ಗೊತ್ತಾಗೋದು ಅಂದರೆ ನಿಜವಾಗಿಯೂ ಗೊತ್ತಾಗೋದೇ. ಗಿಡದ ಕೋಶದಲ್ಲಿ ಯುವಿಆರ್8 ಅನ್ನೋ ಪ್ರೋಟೀನ್ ಜೋಡಿಜೋಡಿಯಾಗಿ ಅಂಟಿಕೊಂಡಿರುತ್ತೆ. ಯುವಿ-ಬಿ ಬಿದ್ದರೆ ಜೋಡಿ ಬಿಡುತ್ತೆ, ಬಿಟ್ಟಿದ್ದು ಹೋಗಿ ರಕ್ಷಣೆಯ ಜೀನ್‌ಗಳು ಚಾಲೂ ಆಗೋ ಹಾಗೆ ಮಾಡುತ್ತೆ. ಆ ಕಿರಣವನ್ನ ಗ್ರಹಿಸೋದು ಇದೇ ಅಂತ ಖಚಿತವಾಗಿದ್ದು 2011ರಲ್ಲಿ. ಆಮೇಲೆ ಎಲೆಯ ಮೇಲ್ಸಿಪ್ಪೆಯಲ್ಲಿ ಫ್ಲೇವನಾಯ್ಡ್‌ಗಳು ತುಂಬಿಕೊಳ್ತವೆ. ಇವು ಯುವಿ-ಬಿಯನ್ನ ಹೀರಿಕೊಂಡು, ಗಿಡಕ್ಕೆ ಬೇಕಾದ ಬೆಳಕನ್ನ ಮಾತ್ರ ಒಳಗೆ ಬಿಡ್ತವೆ. ಗಿಡ ತಾನೇ ಮಾಡಿಕೊಳ್ಳೋ ಸನ್‌ಸ್ಕ್ರೀನ್ ಅನ್ನಿ. ಆದರೆ ತಯಾರಾಗೋಕೆ ಕೆಲವು ದಿನ ಬೇಕು.

ಇಷ್ಟಾದರೂ ಸ್ವಲ್ಪ ಕಿರಣ ನುಸುಳಿ ಡಿಎನ್‌ಎಯ ಅಕ್ಕಪಕ್ಕದ ಎರಡು ಅಕ್ಷರಗಳನ್ನ, ಅಂದರೆ ಅದರ ಸರಪಳಿಯ ಎರಡು ಕೊಂಡಿಗಳನ್ನ, ಒಂದಕ್ಕೊಂದು ಅಂಟಿಸಿಬಿಡುತ್ತೆ. ಅದನ್ನ ಬಿಡಿಸೋಕೆ ಫೋಟೋಲೈಯೇಸ್ ಅನ್ನೋ ಕಿಣ್ವ ಇದೆ, ಅದು ಕೆಲಸ ಮಾಡೋದೂ ಬೆಳಕಿನ ಬಲದಿಂದಲೇ. ಕೆಡಿಸಿದ್ದೂ ಬಿಸಿಲು, ರಿಪೇರಿಯೂ ಬಿಸಿಲಲ್ಲೇ! ನಮ್ಮ ಮೈಯಲ್ಲಿ ಈ ಕಿಣ್ವ ಇಲ್ಲ, ಹೊಟ್ಟೆಕಿಚ್ಚಾಗುತ್ತೆ ಅಲ್ವಾ? ಈ ಕಿಣ್ವ ಎಷ್ಟು ಮುಖ್ಯ ನೋಡಿ: ಜಪಾನಿನ ಭತ್ತದ ತಳಿಗಳಲ್ಲಿ ಸಸಾನಿಶಿಕಿ ಯುವಿ-ಬಿ ತಡೆದುಕೊಳ್ಳುತ್ತೆ, ನೋರಿನ್ 1 ಸೊರಗುತ್ತೆ. ಕಾರಣ ಹುಡುಕಿದರೆ, ಈ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ.

ನೀವು ಆರಿಸಿದ ಹೊತ್ತೂ ಸರಿ ಇರಲಿಲ್ಲ. ಮೇ ಮಧ್ಯದಲ್ಲಿ ಪುಣೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಯುವಿ-ಬಿಯನ್ನ ಹೀರಿಕೊಳ್ಳೋ ಓಝೋನ್ ಪದರ ದಾಟಿ ಬರೋ ದಾರಿ ಅತಿ ಚಿಕ್ಕದಾಗುತ್ತೆ, ಹಾಗಾಗಿ ಆ ಕಿರಣ ಜಾಸ್ತಿ ಕೆಳಗಿಳಿಯುತ್ತೆ. ಹಾಗಂತ ತಪ್ಪೆಲ್ಲ ಯುವಿಯದ್ದಲ್ಲ. ಏಕಾಏಕಿ ಜಾಸ್ತಿಯಾದ ಬೆಳಕು, ಕಾದ ಸಿಮೆಂಟಿನ ಝಳ ಎರಡೂ ಸೇರಿವೆ.

ಬಿಳಿಚಿದ ಕಲೆ ಮತ್ತೆ ಹಸಿರಾಗೋದಿಲ್ಲ. ಆದರೂ ಎಲೆ ಕೀಳಬೇಡಿ, ಉಳಿದ ಹಸಿರು ಭಾಗ ಅಡುಗೆ ಮಾಡ್ತಾನೇ ಇರುತ್ತೆ. ಕುಂಡಗಳನ್ನ ನೆರಳಿಗೆ ತಂದು, ಮೊದಲೆರಡು ದಿನ ಬೆಳಗ್ಗೆ 9ರವರೆಗೆ ಮಾತ್ರ ಬಿಸಿಲಿಗಿಡಿ, ಆಮೇಲೆ ದಿನಾ ಒಂದು ಗಂಟೆ ಏರಿಸ್ತಾ ಹೋಗಿ. ಹತ್ತು ದಿನ ಹಿಡಿಯುತ್ತೆ. ಅಲ್ಲಿಂದ ಮುಂದೆ ಮಧ್ಯಾಹ್ನದ ಹೊತ್ತಿಗೆ ಶೇಡ್ ನೆಟ್ ಕಟ್ಟಿದರಾಯ್ತು, ಹಳೇ ಬಿಳಿ ಪಂಚೆಯಾದರೂ ನಡೆಯುತ್ತೆ. ಹೊಸ ಎಲೆ ಸ್ವಲ್ಪ ಚಿಕ್ಕದಾಗಿ, ದಪ್ಪಗೆ ಬಂದು ಗಿಡ ಗಿಡ್ಡವಾಯ್ತು ಅನ್ನಿಸಿದರೆ ಗಾಬರಿಯಾಗಿ ಗೊಬ್ಬರ ಸುರಿಯೋಕೆ ಹೋಗಬೇಡಿ. ಬಿಸಿಲಿಗೆ ಪಳಗಿದ ಗಿಡ ಇರೋದೇ ಹಾಗೆ.